‘ಎಕ್ಸರ್ಷನ್’ ಅಂದ್ರೆ ಪರಿಶ್ರಮವಾ, ಆಯಾಸವಾ? ಅಪ್ಪನಿಗೆ ಹೇಗೆ ಬರೆದುಕೊಡಲಿ?

ಸಂಜೆಗಾಳಿ

ಎಲ್ಲರಿಗೂ ನಮಸ್ಕಾರ. ಒಂದು ಪದದ ಜೊತೆ ಮೂರು ದಿನದಿಂದ ಗುದ್ದಾಡುತ್ತಿದ್ದೇನೆ, ಸ್ವಲ್ಪ ಸಹಾಯ ಮಾಡಿ.

ಅಪ್ಪನಿಗೆ ಹೋದ ವಾರ ಹರ್ನಿಯಾ ಆಪರೇಷನ್ ಆಯಿತು. ಈಗ ಆರಾಮಾಗಿದ್ದಾರೆ. ಮನೆಗೆ ಕಳಿಸುವಾಗ ಒಂದು ಇಂಗ್ಲಿಷ್ ಚೀಟಿ ಕೊಟ್ಟರು. ಅದರಲ್ಲಿ ಒಂದು ಸಾಲು: ‘ಅವಾಯ್ಡ್ ಸ್ಟ್ರೆನ್ಯುಅಸ್ ಎಕ್ಸರ್ಷನ್ ಫಾರ್ ಸಿಕ್ಸ್ ವೀಕ್ಸ್.’ ಅದರ ಕೆಳಗೇ ಇನ್ನೊಂದು: ‘ಅವಾಯ್ಡ್ ಸ್ಟ್ರೇನಿಂಗ್.’ ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸು ಅಂದರು.

ನಾನು ‘ಆರು ವಾರ ಕಠಿಣ ಪರಿಶ್ರಮ ಪಡಬಾರದು’ ಅಂತ ಬರೆದೆ. ಅಪ್ಪ ಓದಿ, ಕನ್ನಡಕ ತೆಗೆದು ನನ್ನ ಮುಖ ನೋಡಿದರು. ‘ಪರಿಶ್ರಮ ಪಡು ಅಂತ ನಿನಗೆ ಇಪ್ಪತ್ತು ವರ್ಷ ಹೇಳಿದೆ. ಈಗ ಪಡಬೇಡ ಅಂತ ನೀನು ನನಗೆ ಬರೆದುಕೊಡ್ತೀಯಾ?’

ಸರಿ ಅಂತ ಅದನ್ನು ಹೊಡೆದು ‘ಆಯಾಸ ಮಾಡಿಕೊಳ್ಳಬಾರದು’ ಅಂತ ಬರೆದೆ. ‘ನನಗೇನೂ ಆಯಾಸ ಆಗ್ತಾ ಇಲ್ಲವಲ್ಲ’ ಅಂದವರೇ ತುಂಬಿದ ಬಕೆಟ್ ಎತ್ತಲು ಹೋದರು! ಓಡಿಹೋಗಿ ಕಿತ್ತುಕೊಂಡೆ.

ಈ ಎಕ್ಸರ್ಷನ್‌ಗೆ ಸರಿಯಾದ ಕನ್ನಡ ಯಾವುದು?

ಮೂಲೆಬೆಂಚು

ಅದು ಎಕ್ಸ್‌ಕರ್ಷನ್ ಅಲ್ಲ ಅಂತ ಖಾತ್ರಿ ತಾನೇ? ಆರು ವಾರ ಪ್ರವಾಸ ಹೋಗಬೇಡಿ ಅಂತ ಇರಬಹುದು.

ಸಂಜೆಗಾಳಿ

ಮೂರು ಸಲ ಓದಿದ್ದೇನೆ ಸರ್. ಎಕ್ಸರ್ಷನ್ನೇ.

ತಿದ್ದುಪಡಿ

ನಾನು ಅನುವಾದದ ಕೆಲಸ ಮಾಡುವವಳು. ಈ ಪದ ನನಗೂ ಬೇಕಾದಷ್ಟು ಕಾಟ ಕೊಟ್ಟಿದೆ. ನಿಮ್ಮ ಎರಡು ಪ್ರಯತ್ನಗಳೂ ಯಾಕೆ ಕೈಕೊಟ್ಟವು ಅಂತ ನೋಡಿ.

‘ಪರಿಶ್ರಮ’ ನಮ್ಮಲ್ಲಿ ಬರಿಯ ಶ್ರಮ ಅಲ್ಲ. ಅದರಲ್ಲಿ ಹೊಗಳಿಕೆ ಸೇರಿಕೊಂಡಿದೆ. ಪರಿಶ್ರಮದಿಂದ ಮೇಲೆ ಬಂದ, ಪರಿಶ್ರಮಕ್ಕೆ ತಕ್ಕ ಫಲ, ಹೀಗೆಲ್ಲಾ ಹೇಳುತ್ತೇವೆ. ಹಾಗಾಗಿ ‘ಪರಿಶ್ರಮ ಬೇಡ’ ಅಂದರೆ ಸೋಮಾರಿಯಾಗು ಅಂದ ಹಾಗೆ ಕೇಳುತ್ತದೆ. ನಿಮ್ಮ ತಂದೆಯವರ ಸಿಟ್ಟು ನ್ಯಾಯವಾದದ್ದೇ. ಇಂಗ್ಲಿಷ್ ಪದದಲ್ಲಿ ಈ ಹೊಗಳಿಕೆ ಇಲ್ಲ. ಮೈ ಎಷ್ಟು ಶಕ್ತಿ ಹಾಕಿತು ಅನ್ನುವುದಷ್ಟೇ ಅದರ ವಿಷಯ. ಓಟದಲ್ಲಿ ಗೆದ್ದವನದೂ ಎಕ್ಸರ್ಷನ್ನೇ, ಬಸ್ಸಿನ ಹಿಂದೆ ಓಡಿ ಅದನ್ನು ತಪ್ಪಿಸಿಕೊಂಡವನದೂ ಎಕ್ಸರ್ಷನ್ನೇ.

‘ಆಯಾಸ’ದ್ದು ಬೇರೆ ಕಥೆ. ಅದು ಆಮೇಲೆ ಬರುವುದು. ಮೊದಲು ಬಲ ಹಾಕುತ್ತೀರಿ, ನಂತರ ಆಯಾಸವಾಗುತ್ತದೆ. ಡಾಕ್ಟರು ಬೇಡ ಅಂದಿದ್ದು ಮೊದಲನೆಯದನ್ನು. ಆಯಾಸ ಆಗಿಲ್ಲ ಅಂದಮಾತ್ರಕ್ಕೆ ಬಕೆಟ್ ಎತ್ತಬಹುದು ಅಂತ ಅಲ್ಲ.

ಪದಹುಳ

ತಿದ್ದುಪಡಿಯವರು ಹೇಳಿದ್ದು ಸರಿ. ಆದರೆ ಒಂದು ತಮಾಷೆ ಇದೆ. ‘ಆಯಾಸ’ ಸಂಸ್ಕೃತದಿಂದ ಬಂದ ಪದ, ಅಲ್ಲಿ ಅದಕ್ಕೆ ಪ್ರಯತ್ನ ಅನ್ನುವ ಅರ್ಥವೂ ಇತ್ತು, ದಣಿವು ಅನ್ನುವ ಅರ್ಥವೂ ಇತ್ತು. ಕನ್ನಡದಲ್ಲಿ ದಣಿವು ಉಳಿಯಿತು, ಪ್ರಯತ್ನ ಜಾರಿಹೋಯಿತು. ಆದರೆ ಪೂರ್ತಿ ಹೋಗಲಿಲ್ಲ. ‘ಅನಾಯಾಸ’ ಅನ್ನುತ್ತೇವಲ್ಲ, ನೋಡಿ. ‘ಅನಾಯಾಸವಾಗಿ ಮರ ಹತ್ತಿದ’ ಅಂದರೆ ದಣಿಯದೆ ಹತ್ತಿದ ಅಂತಲ್ಲ, ಕಷ್ಟಪಡದೆ ಹತ್ತಿದ ಅಂತ. ಹಳೆಯ ಅರ್ಥ ಆ ‘ಅನ್’ ಹಿಂದೆ ಬಚ್ಚಿಟ್ಟುಕೊಂಡು ಕೂತಿದೆ.

‘ಶ್ರಮ’ದಲ್ಲೂ ಇದೇ ಗೊಂದಲ. ಅದರ ಧಾತುವಿಗೆ ದುಡಿ ಅಂತಲೂ ಅರ್ಥ, ದಣಿ ಅಂತಲೂ ಅರ್ಥ. ಅದರಿಂದಲೇ ವಿಶ್ರಾಂತಿ ಬಂತು, ಆಶ್ರಮ ಬಂತು, ಶ್ರಮಣ ಬಂತು. ದುಡಿಮೆಯೂ ದಣಿವೂ ಒಂದೇ ಪದದಲ್ಲಿ ಇದ್ದದ್ದರಿಂದ ನಾವು ಇವತ್ತಿಗೂ ಎರಡನ್ನೂ ಕಲಸಿಬಿಡುತ್ತೇವೆ. ಮೈಗೆ ನೋವು ಬರುವಷ್ಟು ಶ್ರಮ ‘ಆಯಿತು’ ಅಂತಲೂ ಹೇಳುತ್ತೇವೆ, ‘ಪಟ್ಟೆ’ ಅಂತಲೂ ಹೇಳುತ್ತೇವೆ.

ವ್ಯಾಯಾಮವೂ ಆಯಾಸದ ನೆಂಟನೇ. ಮೈ ದಣಿಸುವುದು ತಾನೇ ಅದು.

ತಿದ್ದುಪಡಿ

ಕೊನೆಯ ಸಾಲು ಬಿಟ್ಟು ಎಲ್ಲ ಒಪ್ಪಿದೆ ಪದಹುಳ ಸರ್. ವ್ಯಾಯಾಮ ‘ಯಮ್’ ಧಾತುವಿನದು. ಚಾಚು, ಹಿಡಿದಿಡು ಅನ್ನುವ ಅರ್ಥ. ಪ್ರಾಣಾಯಾಮ, ಸಂಯಮ ಇವೆಲ್ಲಾ ಆ ಕಡೆಯ ನೆಂಟರು. ಆಯಾಸ, ಪ್ರಯಾಸ ‘ಯಸ್’ ಕಡೆಯವರು. ಸದ್ದು ಒಂದೇ ಥರ ಇದೆ ಅಷ್ಟೇ.

ಪದಹುಳ

ಹೌದು ಹೌದು, ತಪ್ಪಾಯಿತು. ಹುಳ ಹಣ್ಣಿನ ಒಳಗೆ ಹೋದಮೇಲೆ ದಾರಿ ತಪ್ಪುವುದು ಹೊಸದಲ್ಲ.

ಪ್ರಾಯಶ್ಚಿತ್ತವಾಗಿ ಇಂಗ್ಲಿಷ್ ಪದದ ಮೂಲ ಹೇಳುತ್ತೇನೆ. ಲ್ಯಾಟಿನ್‌ನಲ್ಲಿ ‘ಎಕ್ಸ್’ ಅಂದರೆ ಹೊರಗೆ. ‘ಸೆರೆರೆ’ ಅಂದರೆ ಜೋಡಿಸು, ಸಾಲಾಗಿ ಪೋಣಿಸು. ಎರಡೂ ಸೇರಿದಾಗ ಹೊರಗೆ ಚಾಚು, ಹೊರಗೆ ನೂಕು ಅನ್ನುವ ಅರ್ಥ. ಇನ್ಸರ್ಟ್ ಅಂದರೆ ಒಳಗೆ ತೂರಿಸು ಅಲ್ವಾ? ಅದೂ ಇದೇ ಸೆರೆರೆಯ ಮಗು. ಅದು ಒಳಗೆ, ಇದು ಹೊರಗೆ. ಸೀರೀಸ್ ಕೂಡ ಅದೇ ಮನೆಯದು.

ಇಂಗ್ಲಿಷಿಗೆ 17ನೇ ಶತಮಾನದಲ್ಲಿ ಬಂದಾಗ ಈ ‘ಹೊರಗೆ ಚಾಚು’ ಅನ್ನುವ ಅರ್ಥ ಇನ್ನೂ ಹಸಿಯಾಗಿಯೇ ಇತ್ತು. ಮೈಬಲ ಹಾಕುವುದು ಅನ್ನುವ ಅರ್ಥ ಆಮೇಲೆ ಗಟ್ಟಿಯಾಯಿತು. ಸಸ್ಯಶಾಸ್ತ್ರದವರು ಮಾತ್ರ ಹಳೆಯ ಅರ್ಥವನ್ನು ಇವತ್ತಿಗೂ ಬಿಟ್ಟಿಲ್ಲ. ದಾಸವಾಳ ನೋಡಿ. ಎಸಳುಗಳ ನಡುವಿನಿಂದ ಒಂದು ಕೋಲು ಉದ್ದಕ್ಕೆ ಹೊರಗೆ ಚಾಚಿಕೊಂಡಿರುತ್ತದೆ, ತುದಿಯಲ್ಲಿ ಹಳದಿ ಪುಡಿ. ಅದನ್ನು ಅವರು ‘ಎಕ್ಸರ್ಟೆಡ್’ ಅನ್ನುತ್ತಾರೆ. ಬರೆಯುವಾಗ ಹಳೆಯ ‘ಎಸ್’ ಅಕ್ಷರವನ್ನೂ ಉಳಿಸಿಕೊಂಡಿದ್ದಾರೆ. ಆ ಹೂವು ಏನೂ ಕಷ್ಟಪಡುತ್ತಿಲ್ಲ. ಸುಮ್ನೆ ಒಳಗಿದ್ದದ್ದನ್ನು ಹೊರಗೆ ಚಾಚಿದೆ.

ನನಗೆ ಈ ಪದ ಅರ್ಥವಾಗಿದ್ದು ಆ ಹೂವಿನಿಂದಲೇ. ಒಳಗಿರುವ ಬಲವನ್ನು ಹೊರಗೆ ಹಾಕುವುದು ಎಕ್ಸರ್ಟ್.

ಚಾಕ್‌ಪೀಸ್

ಪದಹುಳ ಸರ್, ದಾಸವಾಳಕ್ಕೆ ಥ್ಯಾಂಕ್ಸ್. ನಾಳೆಯೇ ಕ್ಲಾಸಿನಲ್ಲಿ ಬಳಸುತ್ತೇನೆ. ನಾನು ಭೌತಶಾಸ್ತ್ರ ಕಲಿಸುವವನು, ಈ ಪದ ನನಗೆ ಬೇರೆ ಕಡೆಯಿಂದ ತಲೆನೋವು.

ನಮ್ಮ ಪುಸ್ತಕದಲ್ಲಿ ‘ಮೇಜಿನ ಮೇಲಿರುವ ಪುಸ್ತಕವು ಮೇಜಿನ ಮೇಲೆ ಬಲವನ್ನು ಪ್ರಯೋಗಿಸುತ್ತದೆ’ ಅಂತ ಇದೆ. ಇಂಗ್ಲಿಷ್‌ನ ‘ಎಕ್ಸರ್ಟ್ಸ್ ಎ ಫೋರ್ಸ್’ ಇದು. ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ಪುಸ್ತಕಕ್ಕೆ ಜೀವ ಇಲ್ಲವಲ್ಲ, ಅದು ಹೇಗೆ ಪ್ರಯೋಗ ಮಾಡುತ್ತೆ?’ ಅಂತ ಕೇಳಿದಳು. ಇಡೀ ಕ್ಲಾಸು ನಕ್ಕಿತು. ನಾನು ನಗಲಿಲ್ಲ. ಅದು ಒಳ್ಳೆಯ ಪ್ರಶ್ನೆ. ‘ಪ್ರಯೋಗಿಸು’ ಅಂದಕೂಡಲೇ ನಮಗೆ ಅಸ್ತ್ರ ಪ್ರಯೋಗ, ಬಲಪ್ರಯೋಗ ಇವೇ ನೆನಪಾಗುತ್ತವೆ. ಯಾರೋ ಬೇಕಂತಲೇ ಮಾಡಿದ ಹಾಗೆ.

ಇಂಗ್ಲಿಷ್‌ನಲ್ಲಿ ಎಕ್ಸರ್ಟ್ ಅನ್ನುವ ಕ್ರಿಯಾಪದಕ್ಕೆ ಮನಸ್ಸು ಬೇಕಾಗಿಲ್ಲ. ಪುಸ್ತಕ, ಗಾಳಿ, ಚಂದ್ರ ಎಲ್ಲವೂ ಮಾಡಬಹುದು. ಒಂದು ಕಿಲೋ ತೂಕದ ಪುಸ್ತಕ ಸುಮಾರು 9.8 ನ್ಯೂಟನ್ ಬಲದಿಂದ ಮೇಜನ್ನು ಒತ್ತುತ್ತದೆ. ಮೇಜು ಅಷ್ಟೇ ಬಲದಿಂದ ಅದನ್ನು ಮೇಲಕ್ಕೆ ಒತ್ತುತ್ತದೆ. 1687ರಲ್ಲಿ ನ್ಯೂಟನ್ ಬರೆದ ಮೂರನೇ ನಿಯಮ ಇದೇ. ನಮ್ಮ ಸುತ್ತಲಿನ ಗಾಳಿ ಸಮುದ್ರಮಟ್ಟದಲ್ಲಿ ಒಂದೊಂದು ಚದರ ಸೆಂಟಿಮೀಟರ್ ಮೇಲೂ ಸುಮಾರು 10 ನ್ಯೂಟನ್‌ನಷ್ಟು ಒತ್ತುತ್ತಿರುತ್ತದೆ. ಗಾಳಿಗೆ ಅದು ಗೊತ್ತೂ ಇಲ್ಲ.

ಆದರೆ ಎಕ್ಸರ್ಷನ್ ಅಂತ ನಾಮಪದ ಮಾಡಿದ ತಕ್ಷಣ ಸಾಮಾನ್ಯವಾಗಿ ಜೀವ ಇರುವವರದೇ ಮಾತು. ಮೇಜಿನ ಎಕ್ಸರ್ಷನ್ ಅಂತ ಯಾರೂ ಹೇಳುವುದಿಲ್ಲ.

ಈಗ ನಾನು ಬೋರ್ಡಿನ ಮೇಲೆ ‘ಪ್ರಯೋಗಿಸುತ್ತದೆ’ ಅಂತ ಬರೆಯುವುದನ್ನೇ ಬಿಟ್ಟಿದ್ದೇನೆ. ಪುಸ್ತಕ ಮೇಜನ್ನು ಒತ್ತುತ್ತದೆ. ಚಂದ್ರ ಸಮುದ್ರವನ್ನು ಸೆಳೆಯುತ್ತದೆ. ಹಗ್ಗ ಕಲ್ಲನ್ನು ಎಳೆಯುತ್ತದೆ. ಇಂಗ್ಲಿಷಿಗೆ ‘ಎಕ್ಸರ್ಟ್ಸ್ ಎ ಪುಲ್’ ಅಂತ ಎರಡು ಮೂರು ಪದ ಬೇಕು, ನಮಗೆ ‘ಎಳೆ’ ಒಂದೇ ಸಾಕು. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದ ಸಾಲನ್ನೇ ಬರೆಯಿರಿ ಅಂತ ಮಕ್ಕಳಿಗೆ ಹೇಳಿರುತ್ತೇನೆ, ಮಾರ್ಕು ಯಾಕೆ ಕಳೆದುಕೊಳ್ಳಬೇಕು.

ಮೂಲೆಬೆಂಚು

ಸರ್, ಗೋಡೆಯನ್ನು ಒಂದು ಗಂಟೆ ತಳ್ಳಿದರೆ ಕೆಲಸ ಸೊನ್ನೆ ಅಂತ ನಮಗೂ ಹೇಳಿಕೊಟ್ಟಿದ್ದರು. ಬೆವರು ಮಾತ್ರ ಬಂದಿತ್ತು.

ಚಾಕ್‌ಪೀಸ್

ಅದೇ! ಗೋಡೆ ಜರುಗಲಿಲ್ಲ, ಹಾಗಾಗಿ ಭೌತಶಾಸ್ತ್ರದ ಲೆಕ್ಕದಲ್ಲಿ ನೀವು ಗೋಡೆಯ ಮೇಲೆ ಮಾಡಿದ ಕೆಲಸ ಸೊನ್ನೆ. ಬಲ ಇತ್ತು, ದೂರ ಇರಲಿಲ್ಲ. ಆದರೆ ನಿಮ್ಮ ಸ್ನಾಯುಗಳು ಬಿಗಿಹಿಡಿದು ನಿಲ್ಲಲು ಒಳಗೆ ಶಕ್ತಿ ಉರಿಸುತ್ತಲೇ ಇದ್ದವು. ಕೆಲಸ ಸೊನ್ನೆ, ಎಕ್ಸರ್ಷನ್ ಭರ್ತಿ. ಬಲ, ಕೆಲಸ, ಸಾಮರ್ಥ್ಯ ಇವಕ್ಕೆ ನಮ್ಮಲ್ಲಿ ಅಳತೆ ಇದೆ. ನ್ಯೂಟನ್, ಜೂಲ್, ವ್ಯಾಟ್. ಎಕ್ಸರ್ಷನ್‌ಗೆ ಭೌತಶಾಸ್ತ್ರದಲ್ಲಿ ಮಾನವೇ ಇಲ್ಲ. ಅದು ಮೈಗೆ ಸೇರಿದ ಪದ.

ಉಸಿರುಲೆಕ್ಕ

ಭೌತಶಾಸ್ತ್ರದಲ್ಲಿ ಇಲ್ಲದಿರಬಹುದು, ನಮ್ಮಲ್ಲಿ ಇದೆ ಸರ್. ನಾನು ಫಿಸಿಯೋಥೆರಪಿ ಮಾಡುವವಳು.

ಗುನ್ನಾರ್ ಬೋರ್ಗ್ ಅಂತ ಸ್ವೀಡನ್ನಿನ ಮನಶ್ಶಾಸ್ತ್ರಜ್ಞರು ಒಂದು ಅಳತೆಪಟ್ಟಿ ಮಾಡಿದರು. ಅದರ ಹೆಸರಿನಲ್ಲೇ ಎಕ್ಸರ್ಷನ್ ಇದೆ. ‘ನಿಮಗೆ ಎಷ್ಟು ಕಷ್ಟ ಅನ್ನಿಸುತ್ತಿದೆ?’ ಅಂತ ಕೇಳಿ ನಂಬರ್ ಕೊಡಿಸುವುದು. ಅದು ಒಂದರಿಂದ ಶುರುವಾಗುವುದಿಲ್ಲ, 6ರಿಂದ ಶುರುವಾಗಿ 20ಕ್ಕೆ ಮುಗಿಯುತ್ತದೆ. ಹೊಸಬರೆಲ್ಲ ‘ಇದೇನು ವಿಚಿತ್ರ’ ಅನ್ನುತ್ತಾರೆ. ಕಾರಣ ಸರಳ. ಆ ನಂಬರಿಗೆ ಒಂದು ಸೊನ್ನೆ ಸೇರಿಸಿದರೆ ಆರೋಗ್ಯವಂತರ ಎದೆಬಡಿತ ಅಂದಾಜಿಗೆ ಸಿಗಲಿ ಅಂತ. 6 ಅಂದರೆ ಸುಮ್ಮನೆ ಕೂತಿದ್ದೀರಿ, ಬಡಿತ ನಿಮಿಷಕ್ಕೆ 60ರ ಆಸುಪಾಸು. 13 ಅಂದರೆ ಸ್ವಲ್ಪ ಕಷ್ಟ. 20 ಅಂದರೆ ಇನ್ನು ಒಂದು ಹೆಜ್ಜೆಯೂ ಆಗುವುದಿಲ್ಲ.

ಮನೆಯಲ್ಲಿ ಇಷ್ಟೆಲ್ಲಾ ಬೇಡ. ಮಾತಾಡಿ ನೋಡುವ ಪರೀಕ್ಷೆ ಸಾಕು. ನಡೆಯುತ್ತಾ ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಅಂದರೆ ಮಧ್ಯಮ. ಎರಡು ಪದ ಹೇಳುವಷ್ಟರಲ್ಲಿ ಉಸಿರು ಎಳೆದುಕೊಳ್ಳಬೇಕು ಅಂದರೆ ಅದು ಜೋರು. ಆ ಜೋರಿನದೇ ಚೀಟಿಯಲ್ಲಿರುವ ‘ಸ್ಟ್ರೆನ್ಯುಅಸ್’.

ನಮ್ಮ ಕಡತಗಳಲ್ಲಿ ‘ಡಿಸ್ಪ್ನಿಯಾ ಆನ್ ಎಕ್ಸರ್ಷನ್’ ಅಂತ ಆಗಾಗ ಬರುತ್ತದೆ. ಕೂತಾಗ ಸರಿ, ಮೆಟ್ಟಿಲು ಹತ್ತಿದಾಗ ಏದುಸಿರು. ನಾನು ಎಂದೂ ‘ಶ್ರಮವಾದಾಗ ಉಸಿರಾಟದ ತೊಂದರೆ’ ಅಂತ ಕೇಳುವುದಿಲ್ಲ. ‘ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ?’ ಅಂತ ಕೇಳುತ್ತೇನೆ. ತಕ್ಷಣ ಉತ್ತರ ಬರುತ್ತದೆ.

ತಿದ್ದುಪಡಿ

ಉಸಿರುಲೆಕ್ಕ ಮೇಡಂ, ನಿಮ್ಮ ಕೊನೆಯ ಮಾತಿಗೆ ನೂರಕ್ಕೆ ನೂರು. ಪದಕ್ಕೆ ಪದ ಹುಡುಕುವುದನ್ನು ನಾನು ಈ ಎಕ್ಸರ್ಟ್ ವಿಷಯದಲ್ಲಿ ಕೈಬಿಟ್ಟಿದ್ದೇನೆ. ಏನನ್ನು ಹೊರಗೆ ಹಾಕುತ್ತಿದ್ದಾರೆ ಅಂತ ನೋಡುತ್ತೇನೆ, ಕನ್ನಡದ ಕ್ರಿಯಾಪದ ತಾನಾಗೇ ಬದಲಾಗುತ್ತದೆ. ಪ್ರಭಾವವಾದರೆ ‘ಬೀರು’. ಒತ್ತಡವಾದರೆ ‘ಹೇರು’ ಅಥವಾ ‘ತರು’. ಅಧಿಕಾರವಾದರೆ ‘ಚಲಾಯಿಸು’. ಹಿಡಿತವಾದರೆ ‘ಸಾಧಿಸು’. ಮೈಬಲವಾದರೆ ‘ಹಾಕು’. ಇಂಗ್ಲಿಷ್‌ನಲ್ಲಿ ಇವೆಲ್ಲಕ್ಕೂ ಎಕ್ಸರ್ಟ್ ಒಂದೇ.

ಇದರಲ್ಲಿ ನನಗೆ ತುಂಬಾ ಇಷ್ಟ ‘ಬೀರು’. ಬೆಳಕು ಬೀರು, ನಗೆ ಬೀರು, ಕಂಪು ಬೀರು. ಒಳಗಿನದನ್ನು ಹೊರಗೆ ಚೆಲ್ಲುವುದು. ಪದಹುಳ ಸರ್ ಹೇಳಿದ ಲ್ಯಾಟಿನ್ ಚಾಚುವಿಕೆಗೆ ಇಷ್ಟು ಹತ್ತಿರದ ಪದ ಕನ್ನಡದಲ್ಲಿ ಇನ್ನೊಂದಿಲ್ಲ ಅನ್ನಿಸುತ್ತದೆ. ಆದರೆ ಒತ್ತಡ ಬೀರು ಅನ್ನಲು ಆಗುವುದಿಲ್ಲ! ಹೊಸ ಅನುವಾದಕರು ಅಲ್ಲೇ ಎಡವುವುದು. ಎಲ್ಲದಕ್ಕೂ ‘ಪ್ರಯೋಗಿಸು’ ಅಂತ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ.

ಇಂಗ್ಲಿಷ್ ಬರೆಯುವವರಿಗೆ ಒಂದು ಮಾತು. ಎಕ್ಸರ್ಟ್‌ಗೆ ಕರ್ಮ ಬೇಕೇ ಬೇಕು. ‘ಹಿ ಎಕ್ಸರ್ಟೆಡ್ ಎ ಲಾಟ್’ ಅಂತ ಬರೆದರೆ ‘ಏನನ್ನು?’ ಅಂತ ಪ್ರಶ್ನೆ ಬರುತ್ತದೆ. ಹೊರಗೆ ಹಾಕಲು ಬೇರೇನೂ ಇಲ್ಲದಿದ್ದರೆ ತನ್ನನ್ನೇ ಹಾಕಬೇಕು. ‘ಹಿ ಎಕ್ಸರ್ಟೆಡ್ ಹಿಮ್‌ಸೆಲ್ಫ್.’ ಕನ್ನಡದಲ್ಲಿ ‘ಮೈಮುರಿದು ದುಡಿದ’.

ಕಿವಿಗೊಡಿ

ಇಷ್ಟು ಜನ ಬರೆದರೂ ಉಚ್ಚಾರದ ಸುದ್ದಿ ಯಾರೂ ಎತ್ತಲಿಲ್ಲವಲ್ಲ! ಅದು ‘ಎಕ್ಸರ್ಷನ್’ ಅಲ್ಲ, ‘ಇಗ್‌ಜರ್ಷನ್’. ಎಕ್ಸರ್ಟ್ ಅಲ್ಲ, ‘ಇಗ್‌ಜರ್ಟ್’. ಒತ್ತು ‘ಜರ್’ ಮೇಲೆ.

ಇದಕ್ಕೊಂದು ಚಂದದ ಲೆಕ್ಕ ಇದೆ. ಪದದ ಮೊದಲಲ್ಲಿ ‘ಇಎಕ್ಸ್’ ಬಂದು, ಒತ್ತು ಅದರ ಮುಂದಿನ ಸ್ವರದ ಮೇಲೆ ಬಿದ್ದರೆ ‘ಗ್‌ಜ್’ ಆಗುತ್ತದೆ. ಇಗ್‌ಜಾಮ್, ಇಗ್‌ಜಾಕ್ಟ್, ಇಗ್‌ಜಿಸ್ಟ್. ಒತ್ತು ಮೊದಲಿಗೇ ಬಿದ್ದರೆ ‘ಕ್ಸ್’. ಎಕ್ಸರ್‌ಸೈಜ್. ಒಂದೇ ಮನೆಯ ಎಕ್ಸಿಕ್ಯೂಟ್, ಇಗ್‌ಜೆಕ್ಯುಟಿವ್ ಎರಡನ್ನೂ ಹೇಳಿ ನೋಡಿ, ನಾಲಿಗೆಗೇ ಗೊತ್ತಾಗುತ್ತದೆ.

ಪದಹುಳ

ಎಕ್ಸರ್‌ಸೈಜ್ ಅಂದಿರಲ್ಲ, ಅದು ಎಕ್ಸರ್ಟ್‌ಗೆ ನೆಂಟ ಅಲ್ಲ. ಅದರ ಮೂಲ ‘ಆರ್ಸೆರೆ’, ಹಿಡಿದಿಡು, ತಡೆ ಅನ್ನುವ ಪದ. ನಮ್ಮ ವ್ಯಾಯಾಮ ಆಯಾಸಗಳ ಥರವೇ, ಸದ್ದಿನ ಮೋಸ. ಈ ಸಲ ನೋಡಿಕೊಂಡೇ ಬರೆದಿದ್ದೇನೆ.

ಸಂಜೆಗಾಳಿ

ಎಲ್ಲರಿಗೂ ಥ್ಯಾಂಕ್ಸ್! ಒಂದು ಪದ ಕೇಳಿದರೆ ಹೂವು, ಚಂದ್ರ, ಎಲ್ಲ ಬಂದವು. ಆದರೆ ಗೋಡೆ ಇನ್ನೂ ಖಾಲಿ ಇದೆ. ‘ಮೈಮುರಿದು ಕೆಲಸ ಮಾಡಬೇಡಿ’ ಅಂತ ಬರೆಯಲಾ? ಆ ಎರಡನೇ ಸಾಲು, ‘ಸ್ಟ್ರೇನಿಂಗ್’, ಅದೂ ಇದೇನಾ?

ಮೂಲೆಬೆಂಚು

ತಮಾಷೆ ಬಿಟ್ಟು ಹೇಳುತ್ತೇನೆ. ‘ತಿಣುಕಬೇಡಿ’ ಅಂತ ಬರೆಯಿರಿ. ಎರಡಕ್ಕೂ ಆಗುತ್ತದೆ. ಕುಮಾರವ್ಯಾಸನ ಕಾವ್ಯದಲ್ಲಿ ಭೂಮಿ ಹೊರುವ ಫಣಿರಾಯನೇ ತಿಣುಕಿದ್ದಾನೆ, ಅಷ್ಟು ಹಳೆಯ ಪದ.

ತಿದ್ದುಪಡಿ

ಅಬ್ಬಾ! ಇಷ್ಟು ಹೊತ್ತು ಈ ಪದ ನನಗೆ ಯಾಕೆ ಹೊಳೆಯಲಿಲ್ಲ? ಮೂಲೆಬೆಂಚಿನವರಿಗೆ ಮುಂದಿನ ಬೆಂಚು ಕೊಡಬೇಕು.

ಉಸಿರುಲೆಕ್ಕ

ಪದ ಅದ್ಭುತ. ಆದರೆ ಅರ್ಧಕ್ಕೆ ಮಾತ್ರ ಒಪ್ಪುತ್ತೇನೆ. ತಿಣುಕುವುದು ಸ್ಟ್ರೇನಿಂಗ್, ಎಕ್ಸರ್ಷನ್ ಅಲ್ಲ.

ಭಾರ ಎತ್ತುವವರನ್ನು ಹತ್ತಿರದಿಂದ ನೋಡಿ. ಎತ್ತುವ ಮುಂಚೆ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತಾರೆ. ಗಂಟಲು ಮುಚ್ಚಿ ಅದನ್ನು ಹಾಗೇ ಹಿಡಿಯುತ್ತಾರೆ. ಹೊಟ್ಟೆ ಕಲ್ಲಾಗುತ್ತದೆ, ಕತ್ತಿನ ನರ ಉಬ್ಬುತ್ತದೆ, ಮುಖ ಕೆಂಪಾಗುತ್ತದೆ. ‘ಹ್‌ಮ್’ ಅಂತ ಒಂದು ಸದ್ದು ಬರುತ್ತದೆ. ಆ ಸದ್ದು ಇದೆಯಲ್ಲ, ಅದೇ ತಿಣುಕು. ಆಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಗೇ ಏರುತ್ತದೆ. ಹರ್ನಿಯಾ ಆಗಿದ್ದೇ ಹೊಟ್ಟೆಯ ಗೋಡೆಯಲ್ಲಿ ಒಂದು ಕಡೆ ಬಲ ಕಮ್ಮಿಯಾಗಿ. ಅಲ್ಲಿ ಈಗ ರಿಪೇರಿ ಮಾಡಿದ್ದಾರೆ, ಇನ್ನೂ ಹಸಿ ಇದೆ. ಒಳಗಿನಿಂದ ಒತ್ತಿದರೆ ಅಲ್ಲಿಗೇ ಬೀಳುತ್ತದೆ. ಮಲಬದ್ಧತೆ ಇದ್ದಾಗ ಟಾಯ್ಲೆಟ್‌ನಲ್ಲಿ ಮಾಡುವುದೂ ಇದನ್ನೇ. ಅದಕ್ಕೇ ಚೀಟಿಯಲ್ಲಿ ಬೇರೆ ಸಾಲು.

ಎಕ್ಸರ್ಷನ್‌ಗೆ ತಿಣುಕಲೇಬೇಕು ಅಂತಿಲ್ಲ. ಓಡಬಹುದು, ಬೆಟ್ಟ ಹತ್ತಬಹುದು, ಉಸಿರು ಧಾರಾಳವಾಗಿ ಆಡುತ್ತಲೇ ಇರುತ್ತದೆ. ತಿಣುಕು ಬಂತು ಅಂದರೆ ಉಸಿರು ನಿಂತಿದೆ ಅಂತ ಅರ್ಥ. ಹಾಗಾಗಿ ಎರಡು ಸಾಲು ಬರೆಯಿರಿ. ಮೊದಲನೆಯದರಲ್ಲಿ ಏನೇನು ಎತ್ತಬಾರದು ಅಂತ ಹೆಸರು ಹಿಡಿದೇ ಬರೆಯಿರಿ. ಎಷ್ಟು ಕಿಲೋವರೆಗೆ ಎತ್ತಬಹುದು, ಯಾವಾಗಿನಿಂದ ಅನ್ನುವುದನ್ನು ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ. ಆಪರೇಷನ್ ಹೇಗೆ ಮಾಡಿದ್ದಾರೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ.

ಪದಹುಳ

ಆ ‘ಹ್‌ಮ್’ ಸದ್ದಿಗೇ ಒಂದು ಕ್ರಿಯಾಪದ ಇದೆ ಅನ್ನುವುದು ನನಗೆ ಹೆಮ್ಮೆ. ಇಂಗ್ಲಿಷಿನವರು ಲ್ಯಾಟಿನ್‌ಗೆ ಓಡಬೇಕಾಯಿತು.

ತಿದ್ದುಪಡಿ

ಅವರಿಗೂ ‘ಗ್ರಂಟ್’ ಇದೆ ಸರ್. ಹಂದಿಗೂ ಅದನ್ನೇ ಕೊಟ್ಟಿದ್ದಾರೆ ಅಷ್ಟೇ.

ಸಂಜೆಗಾಳಿ

ಡಾಕ್ಟರಿಗೆ ಫೋನ್ ಮಾಡಿದೆ. ಸದ್ಯಕ್ಕೆ ಯಾವ ಭಾರವೂ ಬೇಡ, ಮುಂದಿನ ಸಲ ಬಂದಾಗ ನೋಡಿ ಹೇಳುತ್ತೇನೆ ಅಂದರು. ನಡೆಯಬಹುದಂತೆ. ಗೋಡೆಯ ಮೇಲೆ ಈಗ ಇರುವುದು ಇದು:

‘ಅಪ್ಪಾ, ಆರು ವಾರ ಮೈಬಲ ಹಾಕುವ ಕೆಲಸ ಬೇಡ. ಬಕೆಟ್, ಸಿಲಿಂಡರ್, ಮಂಚ, ಮೊಮ್ಮಗ ಯಾವುದನ್ನೂ ಎತ್ತಬೇಡಿ. ಎಲ್ಲೂ ತಿಣುಕಬೇಡಿ. ನಡೆಯಿರಿ, ಆದರೆ ಮಾತಾಡಲು ಆಗುವಷ್ಟು ನಿಧಾನಕ್ಕೆ.’

ಅಪ್ಪ ಓದಿದರು. ‘ತಿಣುಕಬೇಡಿ ಅಂತ ಮೊದಲೇ ಹೇಳಬಾರದಿತ್ತಾ?’ ಅಂದರು. ನನಗೆ ಸಮಾಧಾನ ಆಯಿತು.

ಸಂಜೆ ನೋಡಿದರೆ ಗಿಡಗಳಿಗೆ ನೀರು ಬಿದ್ದಿದೆ. ಬಕೆಟ್ ಅರ್ಧರ್ಧ ತುಂಬಿಸಿ ನಾಲ್ಕು ಸಲ ಒಯ್ದಿದ್ದಾರೆ. ಕೇಳಿದರೆ, ‘ತಿಣುಕಲಿಲ್ಲಪ್ಪ, ಅನಾಯಾಸವಾಗಿ ಎತ್ತಿದೆ’ ಅಂದರು.

ಪಟ್ಟಿಯಲ್ಲಿ ‘ಅರ್ಧ ಬಕೆಟ್ ಕೂಡ’ ಅಂತ ಸೇರಿಸಿದ್ದೇನೆ.